ಸಹಾಯ ಬೇಕು: ಪೆರಿನ್ ಮಿಸ್ತ್ರಿ ಕಟ್ಟಡಗಳ ಫೋಟೊ, ಹಳೇ ನಕ್ಷೆ

ಮುಂಬೈಯಲ್ಲಿರೋ ಕನ್ನಡಿಗರಿಂದ ಒಂದು ಉಪಕಾರ ಆಗಬೇಕಿತ್ತು. ನಮ್ಮ ಆರ್ಕಿಟೆಕ್ಚರ್ ಹುಡುಗರಿಗೆ ಪೆರಿನ್ ಮಿಸ್ತ್ರಿ ಬಗ್ಗೆ ಕನ್ನಡದಲ್ಲೇ ಸ್ಲೈಡು ಮಾಡ್ತಿದ್ದೀನಿ. 1913ರಲ್ಲಿ ಹುಟ್ಟಿದ ಪಾರ್ಸಿ ಹೆಣ್ಣುಮಗಳು. 1936ರಲ್ಲಿ ಸರ್ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಡಿಪ್ಲೊಮಾ ಮುಗಿಸಿದರು. ಭಾರತದ ಮೊದಲ ಮಹಿಳಾ ಆರ್ಕಿಟೆಕ್ಟ್ ಅಂದ್ರೆ ಇವರ ಹೆಸರನ್ನೇ ಹೇಳ್ತಾರೆ.

ತೊಡಕು ಇರೋದು ಇಲ್ಲಿ. ಅವರು ಸೇರಿದ್ದು ಅಪ್ಪ ಪಾಲುದಾರರಾಗಿದ್ದ ಡಿಚ್‌ಬರ್ನ್, ಮಿಸ್ತ್ರಿ ಅಂಡ್ ಭೇದ್ವಾರ್ ಅನ್ನೋ ಆರ್ಕಿಟೆಕ್ಟ್ ಫರ್ಮಿಗೆ. ಸಹೋದರ ಮಿನೋಚೆರ್ ಕೂಡ ಅಲ್ಲೇ. ಬೋರ್ಡಿನ ಮೇಲಿರೋ 'ಮಿಸ್ತ್ರಿ' ಅಪ್ಪ ಜಮ್ಶೆಡ್ಜಿ. (ನಮ್ಮೂರ ಗಾರೆ ಮೇಸ್ತ್ರಿ ನೆನಪಾದರೆ ತಪ್ಪಿಲ್ಲ, ಪದ ಅದೇ.) ನಕ್ಷೆ ಮೇಲೆ ಫರ್ಮಿನ ಹೆಸರಿದ್ದರೆ ಗೆರೆ ಎಳೆದ ಕೈ ಯಾರದ್ದು ಅಂತ ಹುಡುಗರಿಗೆ ಹೇಗೆ ತೋರಿಸಲಿ? ಅದಕ್ಕೇ ಮೂಲೆಯಲ್ಲಿ ಅವರ ಸಹಿ ಇರೋ ಒಂದೇ ಒಂದು ಹಾಳೆ ಸಿಕ್ಕರೂ ಸಾಕು.

ಕಂಬಾಲಾ ಹಿಲ್ ಕಡೆ ಓಡಾಡೋರು ಪೆರಿನ್ ವಿನ್ಯಾಸ ಮಾಡಿದ ಸೇಂಟ್ ಸ್ಟೀಫನ್ಸ್ ಚರ್ಚಿನ ಫೋಟೊ ತೆಗೆದುಕೊಡ್ತೀರಾ? ಹೋದ ಸಲ ನಾನೇ ತೆಗೆದಿದ್ದೆ, ಎದುರು ಬಿಸಿಲಿಗೆ ಎಲ್ಲಾ ಕಪ್ಪು. ಬೋರಿವಲಿಯ ಖಟಾವ್ ಮಿಲ್ಲಿನಲ್ಲಿ ದುಡಿದ ಹಿರಿಯರು ನಿಮ್ಮನೇಲಿದ್ದರೆ ದಯವಿಟ್ಟು ಅವರನ್ನೂ ಕೇಳಿ, ಆ ಕಟ್ಟಡವೂ ಪೆರಿನ್ ಅವರದ್ದೇ ವಿನ್ಯಾಸ. ಒಳಗೆ ಬೆಳಕು ಎಲ್ಲಿಂದ ಬೀಳ್ತಿತ್ತು, ಸೆಖೆ ಹೇಗಿತ್ತು, ಇಂಥ ಮಾತುಗಳೇ ನನಗೆ ಬೇಕು. ಕಾರ್ಮೈಕಲ್ ರಸ್ತೆಯ ಕರಂಜಿಯಾ ಬಂಗಲೆಯ ಹಳೇ ಫೋಟೊ ಯಾರ ಹತ್ರ ಇದ್ದರೂ ಇಲ್ಲೇ ಹಾಕಿ. ಫೋಟೊ ಕೊಟ್ಟವರ ಹೆಸರು ಸ್ಲೈಡಿನಲ್ಲಿ ಖಂಡಿತ ಹಾಕ್ತೀನಿ.