ಭೂಶಾಖ ವಿದ್ಯುತ್ತಿಗೆ ದುಡ್ಡು ಹಾಕೋರು ಯಾಕೆ ಕಡಿಮೆ?

ಪ್ರಶ್ನೆ: ನೆಲದಡಿಯ ಬಿಸಿ ಪುಕ್ಕಟೆ, ಹಗಲೂ ರಾತ್ರಿಯೂ ಸಿಗುತ್ತೆ. ಆದರೂ ಇಂಡೊನೇಷ್ಯಾದಂಥ ಕಡೆ ಕೆಲಸ ಯಾಕಿಷ್ಟು ನಿಧಾನ?

ಉತ್ತರ: ಇಂಥ ಯೋಜನೆಗಳ ಸಾಲದ ಲೆಕ್ಕ ನೋಡೋದೇ ನನ್ನ ಕೆಲಸ. ಕಿಲೋಮೀಟರ್‌ಗಟ್ಟಲೆ ಕೊರೆದ ಮೇಲೇ ಟರ್ಬೈನ್ ತಿರುಗಿಸೋ ಹಬೆ ಇದೆಯೋ ಇಲ್ಲವೋ ಗೊತ್ತಾಗೋದು. ಒಂದೊಂದು ಬಾವಿಗೂ ಹಲವು ಮಿಲಿಯನ್ ಡಾಲರ್. ಒಣ ಬಾವಿ ಬಂತೋ, ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ (ಅಲ್ಲಿ ಹೊಳೆಯೂ ಇರಲ್ಲ!). ಆ ಹಂತದಲ್ಲಿ ಬ್ಯಾಂಕಿನವರು ಫೈಲ್ ಬಿಚ್ಚಿಯೂ ನೋಡಲ್ಲ. ಮೇಲಾಗಿ ಇಂಡೊನೇಷ್ಯಾದಲ್ಲಿ ಕರೆಂಟ್ ಕೊಳ್ಳೋದು ಬಹುತೇಕ ಒಂದೇ ಸರ್ಕಾರಿ ಕಂಪನಿ, ಪಿಎಲ್‌ಎನ್. ದರದ ಚೌಕಾಸಿಗೇ ವರ್ಷಗಳು ಹೋಗುತ್ತೆ.

ಇನ್ನೊಬ್ಬರು: ಮತ್ತೆ ಕೀನ್ಯಾ? ಅಲ್ಲಿನ ಒಲ್ಕಾರಿಯಾ ಭೂಶಾಖ ಸ್ಥಾವರ 1981ರಿಂದ ಓಡ್ತಿದೆಯಲ್ಲ ಸಾರ್.

ಉತ್ತರ: ಅಲ್ಲಿ ಕೊರೆಯೋ ರಿಸ್ಕ್ ಸರ್ಕಾರದ ತಲೆ ಮೇಲೆ. 2008ರಲ್ಲಿ ಜಿಡಿಸಿ (ಜಿಯೋಥರ್ಮಲ್ ಡೆವಲಪ್‌ಮೆಂಟ್ ಕಂಪನಿ) ಅಂತ ಸರ್ಕಾರಿ ಕಂಪನಿ ಕಟ್ಟಿದರು. ಅದು ಬಾವಿ ತೋಡಿ, ಖಾಸಗಿಯವರಿಗೆ ಹಬೆ ಮಾರುತ್ತೆ. ಅಷ್ಟಾದರೂ ಜಿಡಿಸಿ ಬಾವಿ ತೋಡಿದ ಮೆನೆಂಗಾಯ್ ಅನ್ನೋ ಜಾಗದ ಮೊದಲ ಸ್ಥಾವರ ಕರೆಂಟ್ ಕೊಟ್ಟಿದ್ದು 2023ರಲ್ಲಿ.