ಮೊದಲ ಪೋಲಾರ್ ಬಾಡಿ (ಮಿಯಾಸಿಸ್‌ನಲ್ಲಿ ಮೊಟ್ಟೆ ಹೊರಹಾಕೋ ಪುಟ್ಟ ಕೋಶ) ಹೊರಬೀಳೋ ಹೊತ್ತಿಗೇ ಮೊಟ್ಟೆ ಊದಿ ಒಡೀತಿದೆ, ಯಾರಾದ್ರೂ ನೋಡಿ

ಹುಳದಮನೆ:
ತಲೆ ಕೆಟ್ಟುಹೋಗಿದೆ. ಸಿ. ಎಲಿಗನ್ಸ್ ಅನ್ನೋ ಪುಟ್ಟ ದುಂಡುಹುಳದ ಅಂಡಾಣುವಿನ ಮಿಯಾಸಿಸ್ (ಕ್ರೋಮೋಸೋಮ್ ಸಂಖ್ಯೆ ಅರ್ಧವಾಗೋ ವಿಭಜನೆ) ವಿಡಿಯೊ ಬೇಕು, ಅಷ್ಟೇ. ಹಿಸ್ಟೋನ್‌ಗೆ ಎಂಚೆರಿ, ಟ್ಯೂಬುಲಿನ್‌ಗೆ ಜಿಎಫ್‌ಪಿ (ಎರಡೂ ಹೊಳೆಯೋ ಪ್ರೋಟೀನ್) ಇರೋ ತಳಿ. ಸ್ಪಿಂಡಲ್ (ಕ್ರೋಮೋಸೋಮ್ ಬೇರ್ಪಡಿಸೋ ಮೈಕ್ರೊಟ್ಯೂಬುಲ್ ನಾರುಗಳ ಚೌಕಟ್ಟು) ಅಂಚಿಗೆ ಬರುತ್ತೆ, ಕುಗ್ಗುತ್ತೆ, ತಿರುಗೋಕೆ ಶುರು ಮಾಡುತ್ತೆ. ಅಷ್ಟರಲ್ಲಿ ಮೊಟ್ಟೆ ಊದ್ಕೊಳ್ಳುತ್ತೆ, ಪೋಲಾರ್ ಬಾಡಿ ಅರ್ಧಕ್ಕೇ ನಿಲ್ಲುತ್ತೆ. ಕೆಲವು ಒಡೆದೇ ಹೋಗ್ತವೆ. ಅದೇ ಸ್ಲೈಡಲ್ಲಿ ಮೈಟೋಸಿಸ್ ಹಂತದ ಭ್ರೂಣಗಳು ಆರಾಮಾಗಿ ಎರಡಾಗ್ತಿವೆ! ಎಲ್ಲಾ ಮಾಮೂಲಿ ಥರಾನೇ ಮಾಡಿದೀನಿ.

ಕಟಾನಿನ್‌ಭಕ್ತ:
ತಳಿ ಮೇಲೇ ನನ್ನ ಅನುಮಾನ. ಅಂಡಾಣುವಿನಲ್ಲಿ ಸೆಂಟ್ರಿಯೋಲ್ ಇರಲ್ಲ. ಮೆಯ್-1, ಮೆಯ್-2 ಎರಡೂ ಸೇರಿ ಆಗೋ ಕಟಾನಿನ್ (ಮೈಕ್ರೊಟ್ಯೂಬುಲ್ ಕತ್ತರಿಸೋ ಪ್ರೋಟೀನ್) ಸರಿಯಿದ್ರೇನೇ ಸ್ಪಿಂಡಲ್‌ಗೆ ಸರಿಯಾದ ಧ್ರುವ ಮೂಡೋದು. ಕಟಾನಿನ್ ಕೆಟ್ಟಿದ್ರೆ ಸ್ಪಿಂಡಲ್ ಅಂಚಿಗೆ ಸರಿಯಾಗಿ ಹೋಗಲ್ಲ, ಪೋಲಾರ್ ಬಾಡಿ ವಿಪರೀತ ದೊಡ್ಡದಾಗಿ ಬರುತ್ತೆ. ಎಷ್ಟು ಡಿಗ್ರಿಯಲ್ಲಿ ಸಾಕಿದೀರಿ? ತಾಪಮಾನಕ್ಕೆ ಕೈಕೊಡೋ ತಳಿ ಇರಬಹುದು.

ಹುಳದಮನೆ:
ತಟ್ಟೆ ತುಂಬಾ ಮರಿಹುಳ ಹರಿದಾಡ್ತಿವೆ ಸರ್. ತಳಿ ಸರಿಯಾಗೇ ಇದೆ. ಸ್ಪಿಂಡಲ್ ಅಂಚಿಗೆ ಬರುತ್ತೆ ಅಂತ ಮೇಲೇ ಬರೆದಿದೀನಲ್ಲ.

ಕಟಾನಿನ್‌ಭಕ್ತ:
ಅರ್ಧಂಬರ್ಧ ಕೆಟ್ಟಿರಬಹುದಲ್ವಾ. ಜೀನ್ ಸೀಕ್ವೆನ್ಸ್ ಮಾಡಿಸಿ ನೋಡಿ.

ಲೆನ್ಸ್‌ಲೋಕ:
ಮಿಯಾಸಿಸ್ ಹಂತದ ಮೊಟ್ಟೆಗೆ ಲೇಸರ್ ಅಂದ್ರೆ ಆಗಲ್ಲ. ಪಾಯಿಂಟ್ ಸ್ಕ್ಯಾನರ್‌ನಲ್ಲಿ (ಚುಕ್ಕೆ ಚುಕ್ಕೆಯಾಗಿ ಲೇಸರ್ ಹಾಯಿಸೋ ಮೈಕ್ರೊಸ್ಕೋಪ್) ತೆಗೀತಿದೀರಾ? ಹಾಗಿದ್ರೆ ಅದೇ ಕಾರಣ. ನನ್ನದು ಸ್ಪಿನ್ನಿಂಗ್ ಡಿಸ್ಕ್, 60 ಎಕ್ಸ್ ಆಯಿಲ್, ಎನ್‌ಎ 1.4, ಪೀಜೋ ಸ್ಟೇಜ್. ಲೇಸರ್ ಎಷ್ಟು ಕಮ್ಮಿ ಇಡ್ತೀನಿ ಅಂದ್ರೆ ಕಣ್ಣಿಗೆ ಏನೂ ಕಾಣಲ್ಲ, ಕ್ಯಾಮೆರಾಗೆ ಮಾತ್ರ ಕಾಣುತ್ತೆ. ಆರೂ ಬೈವೇಲೆಂಟ್ (ಕ್ರೋಮೋಸೋಮ್ ಜೋಡಿ) ಎಣಿಸಬಹುದು.

ಕತ್ತಲಕೋಣೆ:
ಆಯಿಲ್ ಲೆನ್ಸ್ ಹಾಕಿ ಹುಳದ ಒಳಗೆ ಅಷ್ಟು ಆಳ ನೋಡ್ತೀರಾ? ಅದಕ್ಕೆ ವಾಟರ್ ಲೆನ್ಸೇ ಬೇಕು.

ಲೆನ್ಸ್‌ಲೋಕ:
ಅವರು ಹುಳದ ಒಳಗೆ ನೋಡ್ತಿದಾರೆ ಅಂತ ಯಾರು ಹೇಳಿದ್ದು?

ಕತ್ತಲಕೋಣೆ:
ಹೊರಗೆ ಅಂತಾನೂ ಹೇಳಿಲ್ಲವಲ್ಲ.

ಅಗರ್‌ತಟ್ಟೆ:
ಇಬ್ಬರೂ ಒಂದು ನಿಮಿಷ ಸುಮ್ನಿರಿ. ಹುಳದಮನೆ ಅವರೇ, ಹುಳ ಕೊಯ್ದು ಮೊಟ್ಟೆ ತೆಗೆದಿದ್ದಾ? ಯಾವ ದ್ರಾವಣದಲ್ಲಿ? ಮೇಲೆ ಕವರ್‌ಸ್ಲಿಪ್ ನೇರವಾಗಿ ಇಟ್ಟಿದೀರಾ?

ಹುಳದಮನೆ:
ಹೌದು ಮೇಡಂ, ಕೊಯ್ದಿದ್ದು. ಡಿಸ್ಟಿಲ್ಡ್ ವಾಟರ್, ಅಗರೋಸ್ ಪ್ಯಾಡ್, ಮೇಲೆ ಕವರ್‌ಸ್ಲಿಪ್. ಮೈಟೋಸಿಸ್‌ಗೆ ಯಾವಾಗಲೂ ಹೀಗೇ ಮಾಡೋದು. ಇದೆಲ್ಲಾ ಬರೀಬೇಕಿತ್ತಾ?

ಅಗರ್‌ತಟ್ಟೆ:
ಬರೀಬೇಕಾಗಿದ್ದೇ ಅದು! ಸ್ಪರ್ಮಥೀಕಾದಿಂದ (ಹುಳದೊಳಗೆ ವೀರ್ಯ ಇರೋ ಚೀಲ) ಆಗಷ್ಟೇ ಹೊರಬಂದ ಮೊಟ್ಟೆಗೆ ಚಿಪ್ಪು ಇನ್ನೂ ಪೂರ್ತಿ ಆಗಿರಲ್ಲ. ವಿಟೆಲೈನ್, ಕೈಟಿನ್ ಪದರ ಮೊದಲು ಬರ್ತವೆ. ನೀರನ್ನ ತಡೆಯೋ ಒಳಪದರ ಮುಚ್ಕೊಳ್ಳೋದು ಎರಡನೇ ಅನಾಫೇಸ್ (ಕ್ರೋಮೋಸೋಮ್‌ಗಳು ಬೇರೆಯಾಗೋ ಹಂತ) ಹೊತ್ತಿಗೆ. ಮೊದಲ ಪೋಲಾರ್ ಬಾಡಿ ಆ ಪದರದ ಆಚೆ ಚಿಪ್ಪಿಗೆ ಅಂಟ್ಕೊಂಡಿರುತ್ತೆ, ಎರಡನೆಯದು ಈಚೆ ಭ್ರೂಣದ ಜೊತೇಲೇ ಉಳಿಯುತ್ತೆ. ಅಲ್ಲಿಗೆ ಲೆಕ್ಕ ಹಾಕಿ, ನಿಮ್ಮ ವಿಡಿಯೊ ಹಂತದಲ್ಲಿ ಮೊಟ್ಟೆಗೆ ಆ ತಡೆ ಇಲ್ಲ. ಬರೀ ನೀರು ಸಿಕ್ಕಿದ್ರೆ ಊದದೆ ಇನ್ನೇನು ಮಾಡುತ್ತೆ? ಮೈಟೋಸಿಸ್ ಭ್ರೂಣಗಳು ಬಚಾವಾಗಿರೋದೂ ಇದಕ್ಕೇ.

ಇನ್ನೊಂದು ವಿಷಯ. ಪೋಲಾರ್ ಬಾಡಿಯನ್ನ ಬೇರ್ಪಡಿಸೋ ಸಂಕೋಚನ ಉಂಗುರ ಮೊದಲು ಸ್ಪಿಂಡಲ್ ಮೇಲಿನ ಪೊರೆಯಲ್ಲಿ ಚಪ್ಪಟೆಯಾಗಿ ಮೂಡುತ್ತೆ. ಆಮೇಲೆ ಒಳಗಿಳಿದು, ಹೊರಬದಿಯ ಕ್ರೋಮೋಸೋಮ್‌ಗಳನ್ನ ದಾಟಿ, ಎರಡು ಗುಂಪಿನ ನಡುವೆ ಮುಚ್ಕೊಳ್ಳುತ್ತೆ. 50 ಮೈಕ್ರೋಮೀಟರ್ ಉದ್ದದ ಕೋಶ ತನ್ನ ಮೂಲೆಯ ಒಂದು ಚೂರನ್ನ ಮಾತ್ರ ಕಿತ್ತು ಬಿಸಾಕೋ ಕೆಲಸ ಅದು. ಊದಿ ಬಿಗಿಯಾದ ಪೊರೆಯಲ್ಲಿ ಉಂಗುರ ಅರ್ಧಕ್ಕೇ ನಿಂತ್ರೆ ನನಗೇನೂ ಆಶ್ಚರ್ಯ ಇಲ್ಲ.

ಎಲ್-15 ಮಾಧ್ಯಮಕ್ಕೆ (ಕೋಶ ಸಾಕೋ ದ್ರಾವಣ) ಸೀರಂ, ಹೆಪೆಸ್, ಇನುಲಿನ್ ಸೇರಿಸಿ ಅದರಲ್ಲೇ ಕೊಯ್ಯಿರಿ. ಪ್ಯಾಡ್ ಬೇಡ. ಕವರ್‌ಸ್ಲಿಪ್ ಅಂಚಿಗೆ ವ್ಯಾಸಲೀನ್ ಹಚ್ಚಿ ಎತ್ತರ ಕೊಡಿ, ಮೊಟ್ಟೆ ಮೇಲೆ ಭಾರ ಬೀಳಬಾರದು.

ಕಟಾನಿನ್‌ಭಕ್ತ:
ಇದೆಲ್ಲಾ ಸರಿ. ಆದ್ರೂ ಒಂದ್ಸಲ ಮೆಯ್-1 ನೋಡೋದರಲ್ಲಿ ತಪ್ಪೇನಿದೆ?

ಕತ್ತಲಕೋಣೆ:
ಕೊಯ್ಯೋದೇ ಯಾಕೆ? ಟ್ರೈಕೇನ್, ಟೆಟ್ರಮಿಸೋಲ್ ಹಾಕಿ ಹುಳವನ್ನ ಮಲಗಿಸಿ ಗರ್ಭಾಶಯದ ಒಳಗೇ ತೆಗೀರಿ. ಊದೋ ಪ್ರಶ್ನೆಯೇ ಬರಲ್ಲ.

ಹುಳದಮನೆ:
ಅದನ್ನೂ ಮಾಡಿ ನೋಡಿದೀನಿ. ಹುಳ ಮಲಗುತ್ತೆ, ಜೊತೆಗೆ ಅಂಡೋತ್ಸರ್ಗವೂ ನಿಂತುಹೋಗುತ್ತೆ. ಕಾದು ಕಾದು ಸಾಕಾಯ್ತು.

ಕತ್ತಲಕೋಣೆ:
ಔಷಧಿ ಜಾಸ್ತಿ ಆಗಿರುತ್ತೆ. ಅಂಡಾಶಯದ ಹೊದಿಕೆ ಕೋಶಗಳು ಹಿಂಡಿದ್ರೆ ತಾನೇ ಮೊಟ್ಟೆ ಹೊರಗೆ ಬರೋದು? ಕಮ್ಮಿ ಮಾಡಿ. ಇಲ್ಲಾಂದ್ರೆ ಆಗಲೇ ಸ್ಪರ್ಮಥೀಕಾ ದಾಟಿರೋ ಮೊಟ್ಟೆ ಹುಡುಕಿ ಅಲ್ಲಿಂದ ಶುರು ಮಾಡಿ.

ಲೆನ್ಸ್‌ಲೋಕ:
ನಾನು ಹಿಮ್-8 ತಳಿಯಲ್ಲಿ ತೆಗೆದ ವಿಡಿಯೊ ನೋಡ್ಬೇಕು ನೀವು. ಜೋಡಿ ಸಿಗದ ಎರಡು ಎಕ್ಸ್ ಕ್ರೋಮೋಸೋಮ್ ಅನಾಫೇಸ್‌ನಲ್ಲಿ ಹಿಂದೆ ಬೀಳ್ತವೆ, ಎಷ್ಟೋ ಸಲ ಪೋಲಾರ್ ಬಾಡಿ ಕಡೆಗೇ ಹೋಗಿ ಸೇರ್ತವೆ. ಮೊಟ್ಟೆ ಬೇಡದ್ದನ್ನ ಕಸಕ್ಕೆ ಹಾಕಿದ ಹಾಗೆ. ಹೊಸ ಕ್ಯಾಮೆರಾ ಬಂದ ಮೇಲಂತೂ ನೋಯ್ಸ್ ಅನ್ನೋದೇ ಇಲ್ಲ.

ಅಗರ್‌ತಟ್ಟೆ:
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ಸರ್.

ಹುಳದಮನೆ:
ಎಲ್-15 ಸಿಕ್ಕಿತು. ಸೀರಂ ಸದ್ಯಕ್ಕಿಲ್ಲ. ಅದನ್ನ ಬಿಟ್ಟು ಮಾಡಿದ್ರೆ ನಡೆಯುತ್ತಾ, ಇಲ್ಲಾ ಎಗ್ ಬಫರ್‌ನಲ್ಲೇ (ಲವಣದ ದ್ರಾವಣ) ಕೊಯ್ಯಲಾ?

ಕಟಾನಿನ್‌ಭಕ್ತ:
ಸೀಕ್ವೆನ್ಸ್ ಬಂತಾ?