‘ಟೆಂಡರ್ ವೋಟ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೆ,

‘ಟೆಂಡರ್ ವೋಟ್’ ಅನ್ನುವುದಕ್ಕೆ ಒಂದು ಒಳ್ಳೆಯ ಕನ್ನಡ ಮಾತು ಬೇಕಾಗಿದೆ. ಹಳ್ಳಿಯ ಮತದಾರರಿಗೆ ಕೇಳಿದ ಕೂಡಲೇ ತಿಳಿಯುವಂಥದ್ದು. ನಾನು ಹೊಳಲ್ಕೆರೆ ತಾಲ್ಲೂಕಿನಲ್ಲಿ ಹೈಸ್ಕೂಲ್ ಮೇಷ್ಟ್ರು. ಪಾಠ ಸಮಾಜ ವಿಜ್ಞಾನ, ಎಲೆಕ್ಷನ್ ಬಂದರೆ ಮತಗಟ್ಟೆ ಡ್ಯೂಟಿ. ಎರಡೂ ಕಡೆ ಈ ಪದ ತೊಡರುತ್ತಿದೆ.

ಡ್ಯೂಟಿ ಮಾಡದವರಿಗಾಗಿ ಮೊದಲು ಅದೇನೆಂದು ಹೇಳಿಬಿಡುತ್ತೇನೆ. ನೀವು ಓಟು ಹಾಕಲು ಹೋಗುತ್ತೀರಿ. ಪಟ್ಟಿಯಲ್ಲಿ ನಿಮ್ಮ ಹೆಸರಿಗೆ ಆಗಲೇ ಗೆರೆ ಬಿದ್ದಿದೆ. ಅಂದರೆ ಯಾರೋ ನಿಮ್ಮ ಹೆಸರು ಹೇಳಿ ಓಟು ಒತ್ತಿ ಹೋಗಿದ್ದಾರೆ. ಹಾಗಂತ ನಿಮ್ಮನ್ನು ಸುಮ್ನೆ ವಾಪಸ್ ಕಳಿಸುವಂತಿಲ್ಲ. ಅಧ್ಯಕ್ಷಾಧಿಕಾರಿ ನಿಮ್ಮನ್ನು ಪ್ರಶ್ನೆ ಕೇಳಬೇಕು. ನೀವೇ ಆ ಮತದಾರ ಎಂದು ಖಾತ್ರಿಯಾದರೆ ನಿಮಗೆ ಕಾಗದದ ಮತಪತ್ರ ಕೊಡಬೇಕು. ನೀವು 17ಬಿ ನಮೂನೆಯಲ್ಲಿ ಸಹಿ ಹಾಕಿ, ಮರೆಗೆ ಹೋಗಿ ಗುರುತು ಮಾಡಿ, ಮಡಚಿ ತಂದು ಕೊಡುತ್ತೀರಿ. ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ. 1961ರ ಚುನಾವಣಾ ನಿಯಮಗಳಲ್ಲಿ ಇದಕ್ಕೆ 49ಪಿ ಎಂಬ ನಿಯಮವಿದೆ. ಎಣಿಕೆಯ ದಿನ ಈ ಮತವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಮೇಲೆ ಯಾರಾದರೂ ಹೈಕೋರ್ಟಿಗೆ ಚುನಾವಣಾ ಅರ್ಜಿ ಹಾಕಿದರೆ, ಕೋರ್ಟು ಹೇಳಿದರೆ, ಆಗ ಲಕೋಟೆ ಒಡೆಯುತ್ತಾರೆ.

ಇಂಗ್ಲಿಷಿನ ‘ಟೆಂಡರ್’ಗೆ ‘ಮುಂದೆ ಚಾಚು, ಸಲ್ಲಿಸು’ ಎಂಬ ಹಳೆಯ ಅರ್ಥವಿದೆ. ರಾಜೀನಾಮೆ ಸಲ್ಲಿಸುವುದಕ್ಕೂ ಅದೇ ಪದ, ಗುತ್ತಿಗೆಗೆ ದರ ಬರೆದು ಸಲ್ಲಿಸುವುದಕ್ಕೂ ಅದೇ. ನಮ್ಮ ಕಡೆಗೆ ಬಂದದ್ದು ಮಾತ್ರ ಗುತ್ತಿಗೆಯ ಅರ್ಥ ಒಂದೇ. ರಸ್ತೆ ಟೆಂಡರ್, ಕೆರೆ ಹೂಳಿನ ಟೆಂಡರ್. ಶಾಲಾ ಸಂಸತ್ತಿನ ಚುನಾವಣೆ ಮಾಡಿಸುವಾಗ ಈ ಮಾತು ಹೇಳಿದೆ. ಒಬ್ಬ ಹುಡುಗ ಎದ್ದು, ‘ಸಾರ್, ಜಾಸ್ತಿ ದುಡ್ಡು ಕೊಟ್ಟೋರಿಗೆ ಓಟಾ?’ ಅಂತ ಕೇಳಿದ. ಅವನ ತಪ್ಪಲ್ಲ. ಪಂಚಾಯ್ತಿ ಸೀಟು ಹರಾಜು ಹಾಕಿದರಂತೆ ಎಂಬ ಸುದ್ದಿಯನ್ನು ಮಕ್ಕಳೂ ಕೇಳಿರುತ್ತಾರೆ. ವಂಚನೆಗೆ ಒಳಗಾದವರ ಹಕ್ಕನ್ನು ಉಳಿಸುವ ಏರ್ಪಾಡಿಗೆ ಹರಾಜಿನ ವಾಸನೆ ಹತ್ತಿದರೆ ಹೇಗೆ?

ಮತಗಟ್ಟೆಯಲ್ಲೂ ಇದನ್ನೇ ಕಂಡಿದ್ದೇನೆ. ಒಂದು ವಿಧಾನಸಭೆ ಚುನಾವಣೆಯಲ್ಲಿ ಬಿಸಿಲು ಇಳಿದ ಮೇಲೆ ಒಬ್ಬ ಅಜ್ಜಿ ಬಂದರು. ಹೆಸರಿಗೆ ಗೆರೆ ಬಿದ್ದಿತ್ತು, ಹೆಂಗಸರ ಹೆಸರಿಗೆ ಹಾಕುವ ಟಿಕ್ಕೂ ಇತ್ತು. ಅಜ್ಜಿಯ ಬೆರಳು ನೋಡಿದರೆ ಶಾಯಿಯೇ ಇಲ್ಲ. ಗುರುತಿನ ಚೀಟಿ ಸರಿಯಾಗಿತ್ತು. ಬೆಳಗಿನಿಂದ ಒಬ್ಬರಿಗೊಬ್ಬರು ಮುಖ ಕೊಡದೆ ಕೂತಿದ್ದ ಏಜೆಂಟರೆಲ್ಲ ‘ಇವರೇ ಅವರು’ ಎಂದು ಒಂದೇ ಮಾತು ಹೇಳಿದರು. ನಾನು ‘ಅಜ್ಜಿ, ನಿಮಗೆ ಟೆಂಡರ್ ವೋಟ್ ಕೊಡ್ತೀವಿ’ ಅಂದೆ. ‘ಟೆಂಡರ್ ಗಿಂಡರ್ ನಂಗೆ ಬ್ಯಾಡ ಮೇಷ್ಟ್ರೆ, ನನ್ ಓಟು ನಂಗೆ ಕೊಡ್ರಿ’ ಅಂದರು. ಬಿಡಿಸಿ ಹೇಳಿದ ಮೇಲೆ ಹೆಬ್ಬೆಟ್ಟು ಒತ್ತಿದರು, ಬಾಣದ ಗುರುತಿನ ಸೀಲು ತಗೊಂಡು ಹೋಗಿ ಗುರುತು ಹಾಕಿದರು. ಕೊಡುವಾಗ ‘ಎಣಿಸ್ತೀರೋ ಇಲ್ವೋ?’ ಎಂದು ಕೇಳಿದರು. ‘ಎತ್ತಿಡ್ತೀವಿ ಅಜ್ಜಿ, ಕೋರ್ಟು ಕೇಳಿದ್ರೆ ತೆಗೀತಾರೆ’ ಎಂದೆ. ‘ಹಂಗಂದ್ರೆ ಸರಿ’ ಅಂದರು.

ನನ್ನ ಸಲಹೆಯೂ ಇಲ್ಲಿಂದಲೇ ಬಂದದ್ದು: ‘ಎತ್ತಿಟ್ಟ ಮತ’. ನಮ್ಮ ಕಡೆ ‘ಎತ್ತಿಡು’ ಅಂದರೆ ಒಬ್ಬರಿಗೆಂದು ಬೇರೆಯಾಗಿ, ಜೋಪಾನವಾಗಿ ಇಡುವುದು. ಊಟಕ್ಕೆ ತಡವಾಗಿ ಬರುವವರಿಗೂ ಎತ್ತಿಡುತ್ತೇವೆ, ಬೀಜದ ಕಾಳನ್ನೂ ಎತ್ತಿಡುತ್ತೇವೆ. ಬಿಸಾಡಿಲ್ಲ, ಬೆರೆಸಿಲ್ಲ, ಬೇಕಾದಾಗ ಸಿಗುತ್ತದೆ ಎಂಬ ಮೂರೂ ಅದರಲ್ಲಿವೆ.

ಬೇರೆ ಪದಗಳನ್ನೂ ಯೋಚಿಸಿ ನೋಡಿದೆ. ‘ಸಲ್ಲಿಕೆ ಮತ’ ಅನುವಾದವಾಗಿ ಸರಿ, ಆದರೆ ಎಲ್ಲರೂ ಸಲ್ಲಿಸುವುದು ಮತವನ್ನೇ ಅಲ್ವಾ? ‘ಲಕೋಟೆ ಓಟು’ ಅಂದರೆ ಅಂಚೆ ಮತದ ಜೊತೆ ಕಲಸಿಹೋಗುತ್ತದೆ. ‘ಬದಲಿ ಮತ’ ಅಂದರೆ ಒಬ್ಬರ ಪರವಾಗಿ ಇನ್ನೊಬ್ಬರು ಹಾಕಿದ್ದು ಎಂದಾಗಿ ಅರ್ಥವೇ ತಿರುಗಿಬೀಳುತ್ತದೆ. ‘ಮೀಸಲು ಮತ’ ನನಗೆ ಬಹಳ ಹಿಡಿಸಿತ್ತು. ಆದರೆ ಚಿತ್ರದುರ್ಗ ಲೋಕಸಭಾ ಕ್ಷೇತ್ರವೇ ಪರಿಶಿಷ್ಟ ಜಾತಿಗೆ ಮೀಸಲು. ಇಲ್ಲಿ ‘ಮೀಸಲು’ ಅಂದರೆ ಬೇರೆಯದೇ ಚರ್ಚೆ ಶುರುವಾಗುತ್ತದೆ.

ಹೊರಗಿನ ಪದ ಬೇಡವೇ ಬೇಡ ಎಂಬ ಹಟ ನನ್ನದಲ್ಲ. ‘ಠೇವಣಿ’ ಹೊರಗಿನಿಂದಲೇ ಬಂದದ್ದು. ಚಲಾವಣೆಯಾದ ಸರಿಯಾದ ಮತಗಳಲ್ಲಿ ಆರನೇ ಒಂದು ಪಾಲು ಸಿಗದಿದ್ದರೆ ‘ಠೇವಣಿ ಹೋಯ್ತು’ ಎಂದು ಚಹದಂಗಡಿಯಲ್ಲೂ ಹೇಳುತ್ತಾರೆ. ಓಟು, ಏಜೆಂಟು, ಬೂತು ಎಲ್ಲ ನಮ್ಮವೇ ಆಗಿವೆ. ಹಾಗೆಯೇ ಯಾರೋ ‘ಮತಗಟ್ಟೆ’ ಎಂಬ ಪದ ಕಟ್ಟಿದ್ದಾರೆ, ಎಷ್ಟು ಚೆಂದ! ಊರವರೆಲ್ಲ ಸೇರುವ ಕಟ್ಟೆ ಅದರೊಳಗೇ ಇದೆ. ‘ಟೆಂಡರ್’ ಬಗ್ಗೆ ನನ್ನ ತಕರಾರು ಒಂದೇ. ಅದಕ್ಕೆ ಇಲ್ಲಿ ಆಗಲೇ ಬೇರೆ ಅರ್ಥ ಗಟ್ಟಿಯಾಗಿ ನಿಂತಿದೆ.

ಎಣಿಸದೇ ಇರಬಹುದಾದ ಮತಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಎಂದು ನಮ್ಮ ಸ್ಟಾಫ್ ರೂಮಿನಲ್ಲೇ ಒಬ್ಬರು ಕೇಳಿದರು. ಬೇಕು. ನಾವು ಚುನಾವಣೆ ಮಾಡುವುದು ಗೆಲ್ಲುವವರನ್ನು ಆರಿಸಲು ಮಾತ್ರ ಅಲ್ಲ. ಸೋತವರೂ, ಅವರಿಗೆ ಓಟು ಹಾಕಿದವರೂ ಫಲಿತಾಂಶವನ್ನು ಒಪ್ಪಬೇಕು. ಲೆಕ್ಕ ಸರಿಯಿದೆ, ನನ್ನನ್ನೂ ಒಬ್ಬಳೆಂದು ಎಣಿಸಿದರು ಎಂಬ ನಂಬಿಕೆ ಇದ್ದರೆ ಮಾತ್ರ ಒಪ್ಪುತ್ತಾರೆ. 1951–52ರ ಮೊದಲ ಮಹಾಚುನಾವಣೆಯಲ್ಲಿ, ಹೆಚ್ಚಾಗಿ ಉತ್ತರದ ರಾಜ್ಯಗಳಲ್ಲಿ, ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳದೆ ‘ಇಂಥವರ ಹೆಂಡತಿ’, ‘ಇಂಥವರ ಮಗಳು’ ಎಂದೇ ಬರೆಸಿದ್ದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಕಠಿಣವಾಯಿತು ಅನಿಸುತ್ತದೆ. ಆದರೆ ಪಟ್ಟಿಯಲ್ಲಿ ಸ್ವಂತ ಹೆಸರೇ ಇರಬೇಕು ಎಂಬುದು ಅಲ್ಲಿಂದ ಗಟ್ಟಿಯಾಯಿತು. ಆ ಹೆಸರಿನಲ್ಲಿ ಬೇರೆಯವರು ಓಟು ಹಾಕಿದರೆ ಹೆಸರಿನವರಿಗೆ ಒಂದು ದಾರಿ ಬೇಡವೇ?

ಒಂದು ಮತದ ಬೆಲೆ ನಮ್ಮ ರಾಜ್ಯಕ್ಕೆ ಚೆನ್ನಾಗಿ ಗೊತ್ತು. 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರ ಎದುರು ಗೆದ್ದದ್ದು ಬರೇ 1 ಮತದಿಂದ. ಅಂಥ ಕಡೆ ಒಂದು ಲಕೋಟೆ ಎಷ್ಟು ಭಾರವಾಗಬಹುದು, ಯೋಚಿಸಿ.

ಬೇರೆಯವರ ಹೆಸರಲ್ಲಿ ಓಟು ಹಾಕುವುದನ್ನು ಮೈಸೂರಿನ ಶಾಯಿ ತಡೆಯುವುದಿಲ್ಲವೇ ಎಂದು ಮಕ್ಕಳು ಕೇಳುತ್ತಾರೆ. 1962ರಿಂದ ನಮ್ಮ ಬೆರಳಿಗೆ ಬೀಳುತ್ತಿರುವುದು ಮೈಸೂರು ಕಾರ್ಖಾನೆಯ ಶಾಯಿಯೇ. ಅದು ಒಬ್ಬರು ಎರಡು ಸಲ ಹಾಕುವುದನ್ನು ತಡೆಯುತ್ತದೆ. ಇನ್ನೊಬ್ಬರ ಹೆಸರು ಹೇಳಿ ಮೊದಲ ಸಲವೇ ಬಂದವರನ್ನು ತಡೆಯಬೇಕಾದವರು ಗುರುತಿನ ಚೀಟಿ ನೋಡುವ ಸಿಬ್ಬಂದಿ ಮತ್ತು ಊರಿನ ಮುಖ ಬಲ್ಲ ಏಜೆಂಟರು. ಏಜೆಂಟರು ‘ಇವರು ಅವರಲ್ಲ’ ಎಂದು 2 ರೂಪಾಯಿ ಕಟ್ಟಿ ಆಕ್ಷೇಪ ಎತ್ತಬಹುದು. ಅದು ‘ಚಾಲೆಂಜ್ ವೋಟ್’. ಅಧ್ಯಕ್ಷಾಧಿಕಾರಿ ಅಲ್ಲೇ ವಿಚಾರಿಸುತ್ತಾರೆ. ಆಕ್ಷೇಪ ನಿಲ್ಲದಿದ್ದರೆ ಆ ಮತದಾರ ಎಲ್ಲರ ಹಾಗೆ ಯಂತ್ರದಲ್ಲೇ ಒತ್ತುತ್ತಾರೆ, ಯಾರಿಗೆ ಒತ್ತಿದೆವೆಂದು ತೋರಿಸಲು ಏಳು ಸೆಕೆಂಡು ಕಾಣುವ ವಿವಿಪ್ಯಾಟ್ ಚೀಟಿಯನ್ನೂ ನೋಡಿಕೊಳ್ಳುತ್ತಾರೆ. ಇದಕ್ಕೆ ‘ತಕರಾರು ಮತ’ ಅನ್ನಬಹುದೇನೋ. ಆದರೆ ತಕರಾರು ಇರುವುದು ಮತದಾರರ ಮೇಲೆ, ಮತದ ಮೇಲಲ್ಲ. ಅಲ್ಲೇ ನನಗೆ ಅನುಮಾನ.

ದಾವಣಗೆರೆ, ಹರಿಹರ, ಜಗಳೂರು, ಹಿರಿಯೂರು ಕಡೆ ಡ್ಯೂಟಿ ಮಾಡಿದವರು ಇಲ್ಲಿದ್ದೀರಿ. ತಮ್ಮ ಹೆಸರಿನ ಓಟು ಆಗಲೇ ಬಿದ್ದುಹೋದವರು ಎದುರಿಗೆ ಬಂದು ನಿಂತಾಗ ನೀವು ಬಾಯಲ್ಲಿ ಏನಂದಿರಿ, ಅವರೇನಂದರು, ಬರೆಯಿರಿ. ‘ಎತ್ತಿಟ್ಟ’ ಅಂದರೆ ನಿಮ್ಮ ಊರಲ್ಲಿ ‘ಬಚ್ಚಿಟ್ಟ’ ಎಂಬ ಅರ್ಥವೇನಾದರೂ ಬರುತ್ತದಾ? ಬಂದರೆ ಅದನ್ನೂ ಈಗಲೇ ಹೇಳಿ. ಹಾಗಾದರೆ ಬೇರೆ ಪದ ಹುಡುಕಬೇಕು.